ಕೂಸಿನ ಕಟ್ಟಿದ ಮೂಗು ಮತ್ತು ಔಷಧದ ಅಳತೆ

ನೆಗಡಿಯಿಂದ ಮೂಗು ಕಟ್ಟಿದ ಕೂಸು ಹಾಲು ಕುಡಿಯಲಾರದೆ ರಾತ್ರಿಯೆಲ್ಲ ರಚ್ಚೆ ಹಿಡಿಯುವುದನ್ನು ಕಾಣದ ಮನೆಯಿಲ್ಲ. ಅದೇ ನೆಗಡಿ ನಮಗೆ ಬಂದರೆ ನಾಲ್ಕು ಸಲ ಸೀನಿ ಕೆಲಸಕ್ಕೆ ಹೊರಡುತ್ತೇವೆ. ಈ ಭೇದವೇಕೆ?

ನೆಗಡಿಯಲ್ಲಿ ಮೂಗಿನ ಒಳಪೊರೆಯ ರಕ್ತನಾಳಗಳು ಹಿಗ್ಗಿ, ಪೊರೆ ಬಾತು, ಗಾಳಿಯ ಹಾದಿ ಕಿರಿದಾಗುತ್ತದೆ. ಕೊಳವೆಯಲ್ಲಿನ ಹರಿವಿಗೆ ಒದಗುವ ತಡೆಯು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆಂದು ಪ್ವಾಸೆಯ್ ಎಂಬ ಫ್ರೆಂಚ್ ವೈದ್ಯನು 1840ರ ಸುಮಾರಿಗೆ ದ್ರವಗಳನ್ನು ಹರಿಸಿ ಕಂಡುಕೊಂಡನು. 4 ಮಿಲಿಮೀಟರ್ ತ್ರಿಜ್ಯದ ಕೊಳವೆ 1 ಮಿಲಿಮೀಟರಿನಷ್ಟು ಕುಗ್ಗಿದರೆ ತಡೆ ಸುಮಾರು ಮೂರು ಪಟ್ಟಾಗುತ್ತದೆ. 2 ಮಿಲಿಮೀಟರ್ ತ್ರಿಜ್ಯದ್ದು ಅಷ್ಟೇ ಕುಗ್ಗಿದರೆ ಹದಿನಾರು ಪಟ್ಟು! ಮೂಗು ದುಂಡು ಕೊಳವೆಯಲ್ಲ, ನಿಜ. ಆದರೂ ಲೆಕ್ಕದ ಜಾಡನ್ನು ಹಿಡಿಯಲು ಇಷ್ಟು ಸಾಕು.

ಮೂಗು ಬಿಡಿಸುವ ಔಷಧವು ಹಿಗ್ಗಿದ ನಾಳಗಳನ್ನು ಕುಗ್ಗಿಸುತ್ತದೆ, ನೆಗಡಿಯನ್ನು ಗುಣಪಡಿಸುವುದಿಲ್ಲ. ಹೆಚ್ಚು ದಿನ ಹಾಕಿದರೆ ಮೂಗು ಮತ್ತೆ ಬಿಗಿಯಾಗಿ ಕಟ್ಟುವುದುಂಟು. ಕ್ಸೈಲೋಮೆಟಜೋಲಿನ್ ಹನಿಯಲ್ಲಿ ಮಕ್ಕಳಿಗೆ ಶೇಕಡ 0.05ರದು, ದೊಡ್ಡವರಿಗೆ 0.1ರದು ಎಂದು ಎರಡು ಬಗೆ. ಸೀಸೆ ಬದಲಾದರೆ ಪ್ರಮಾಣ ಇಮ್ಮಡಿಯಾಯಿತು. ಈ ಜಾತಿಯ ಹನಿಗಳನ್ನು 1–2 ಮಿಲಿಲೀಟರಿನಷ್ಟು ಚಿಕ್ಕ ಮಗು ನುಂಗಿದರೂ ಜಡನಿದ್ದೆ, ಹೃದಯದ ಬಡಿತ ತಗ್ಗುವುದು ಮುಂತಾದ ಅಪಾಯಗಳುಂಟೆಂದು ಅಮೆರಿಕದ ಔಷಧಾಡಳಿತವು 2012ರಲ್ಲಿ ಎಚ್ಚರಿಸಿತು. ಸೀಸೆಯ ಸ್ಥಾನ ತೊಟ್ಟಿಲ ಬಳಿಯಲ್ಲ, ಮೇಲಿನ ಕಪಾಟು.

ಕುಡಿಸುವ ಔಷಧಗಳ ಸಂಗತಿ ಇನ್ನೂ ವಿಚಿತ್ರ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ಔಷಧವನ್ನು ನಾಲ್ಕು ವರ್ಷಕ್ಕೆ ಕೆಳಗಿನ ಮಕ್ಕಳಿಗೆ ಕೊಡಬಾರದೆಂದು ಚೀಟಿಯ ಮೇಲೆ ಮುದ್ರಿಸಲು ಭಾರತದ ಔಷಧ ಮಹಾನಿಯಂತ್ರಕರು 2023ರಲ್ಲಿ ಆಜ್ಞಾಪಿಸಿದರು. ಬಾಯಿಂದ ಸೇವಿಸಿದ ಫಿನೈಲೆಫ್ರಿನ್ ವಾಡಿಕೆಯ ಪ್ರಮಾಣದಲ್ಲಿ ಮೂಗನ್ನು ಬಿಡಿಸುವುದೇ ಇಲ್ಲವೆಂದು ಅದೇ ವರ್ಷ ಅಮೆರಿಕದ ತಜ್ಞಸಮಿತಿ ಅಭಿಪ್ರಾಯಪಟ್ಟಿತು. ಫಲವಿಲ್ಲದ ಔಷಧಕ್ಕಾಗಿ ಮಗುವನ್ನು ಅಪಾಯಕ್ಕೆ ಒಡ್ಡುವುದೇಕೆ?

ವೈದ್ಯರೇ ಹೇಳಿ ಕೊಡಿಸುವಾಗಲೂ ಅಡುಗೆಮನೆಯ ಚಮಚ ಬೇಡ. ಔಷಧದ ಟೀ ಚಮಚವೆಂದರೆ 5 ಮಿಲಿಲೀಟರ್, ಮೇಜಿನ ಚಮಚ 15. ನಮ್ಮ ಮನೆಯ ಚಮಚಗಳು ಯಾವುದಕ್ಕೂ ಬದ್ಧವಲ್ಲ. ಸೂಜಿಯಿಲ್ಲದ ಪಿಚಕಾರಿ ಉತ್ತಮ. ಅಳತೆಯ ಮುಚ್ಚಳವಾದರೆ ಸಮತಲದಲ್ಲಿಟ್ಟು, ಗೆರೆಗೆ ಕಣ್ಣನ್ನು ನೇರವಾಗಿ ಹಿಡಿದು ಓದಬೇಕು; ಈ ಪಾಠವನ್ನು ನಮ್ಮ ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳಿ ದಣಿದಿದ್ದೇವೆ.

ಎಳೆಗೂಸಿಗೆ ಹಾಲೂಡುವ ಮೊದಲು ಅಂಗಡಿಯ ಶುದ್ಧ ಉಪ್ಪುನೀರಿನ ಹನಿ ಒಂದೆರಡು ಹಾಕಿ ಸಿಂಬಳವನ್ನು ಮೆಲ್ಲಗೆ ತೆಗೆದರೆ ಬಹುಮಟ್ಟಿಗೆ ಸಾಕು. ಉಸಿರಾಡುವಾಗ ಪಕ್ಕೆ ಒಳಸರಿದರೆ, ತುಟಿ ನೀಲಿಗಟ್ಟಿದರೆ, ಕೂಸು ಹಾಲನ್ನೇ ಬಿಟ್ಟರೆ, ಹನಿಗಳನ್ನು ನೆಚ್ಚಿ ಕೂರದೆ ಒಡನೆ ಆಸ್ಪತ್ರೆಗೆ ಒಯ್ಯತಕ್ಕದ್ದು.