ಗಸಗಸೆ ಕಾಯಿಯ ಹಾಲು: ಗುಣ, ಅಪಾಯ, ಉಪಯೋಗ

ಕಳೆದ ಕಾಫಿ ಕೊಯ್ಲಿನಲ್ಲಿ ಬಾದಾಮಿ, ಹುನಗುಂದ ಕಡೆಯಿಂದ ನಮ್ಮ ತೋಟಕ್ಕೆ ಬಂದಿದ್ದವರಲ್ಲಿ ಒಬ್ಬ ಹೆಣ್ಣುಮಗಳು ಸಂಜೆ ಕಣದ ಬಳಿ ನಿಂತು ಕೇಳಿದಳು: "ಸಾವ್ಕಾರ್ರ, ಇಳಕಲ್ಲಾಗ ನಮ್ಮಪ್ಪಗ ಬಾಯಿ ಕ್ಯಾನ್ಸರ್ ಐತ್ರಿ. ಬಾಗಲಕೋಟಿ ಡಾಕ್ಟ್ರು ಮಾರ್ಫಿನ್ ಗುಳಿಗಿ ಬರದಾರ. ಅದು ಅಫೀಮು ಅಂತ ನಮ್ಮಣ್ಣ ಚೀಟಿ ಹರದ ಒಗದಾನ. ಏನ್ ಮಾಡೋದ್ರಿ?" ಆಕೆಗೆ ಹೇಳಿದ್ದನ್ನು ಸದಸ್ಯ ಬಾಂಧವರಿಗೂ ತಿಳಿಸುವುದು ಉಚಿತವೆಂದು ತೋರಿತು.

ಪಾಯಸದ ಗಸಗಸೆಯೂ ಅಫೀಮೂ ಒಂದೇ ಗಿಡದವು. ಹಸಿ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಒಣಗಿ ಕಂದು ಅಂಟಾಗುತ್ತದೆ; ಅದೇ ಅಫೀಮು. ಬೀಜದಲ್ಲಿ ಆ ಗುಣ ಅತ್ಯಲ್ಪ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳಲ್ಲಿ ಕೇಂದ್ರದ ಪರವಾನಗಿ ಪಡೆದವರು ಇದನ್ನು ಬೆಳೆಯುತ್ತಾರೆ. ನೀಮಚ್ ಮತ್ತು ಗಾಜೀಪುರಗಳಲ್ಲಿ ಸರ್ಕಾರಿ ಕಾರ್ಖಾನೆಗಳಿವೆ. ಪರವಾನಗಿಯಿಲ್ಲದೆ ಹಿತ್ತಲಲ್ಲಿ ನಾಲ್ಕು ಗಿಡ ಬೆಳೆದರೂ 1985ರ ಮಾದಕ ವಸ್ತು ಕಾಯ್ದೆಯಂತೆ ಅಪರಾಧ. ಅಂಗಡಿಯ ಗಸಗಸೆ ಎರಚಿ ನೋಡುವ ಹುಮ್ಮಸ್ಸು ಯಾರಿಗೂ ಬೇಡ.

ಅಫೀಮಿನ ಮುಖ್ಯ ಸತ್ವ ಮಾರ್ಫಿನ್. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಎಂಬಾತ ಅದನ್ನು ಬೇರ್ಪಡಿಸಿದನು. ಕೆಮ್ಮಿನ ಔಷಧಿಯ ಕೊಡೀನ್ ಸಹ ಇದರದೇ. ಅಫೀಮಿನಲ್ಲಿ ಮಾರ್ಫಿನ್ ನೂರಕ್ಕೆ ಸುಮಾರು 10 ಪಾಲು. ಆದರೆ ಒಂದು ಉಂಡೆಯಿಂದ ಇನ್ನೊಂದಕ್ಕೆ ಹೆಚ್ಚು ಕಡಿಮೆ ಇರುತ್ತದೆ. ಮೈಲುತುತ್ತವನ್ನೂ ಸುಣ್ಣವನ್ನೂ ತೂಗದೆ ಬೋರ್ಡೋ ದ್ರಾವಣ ಮಾಡಿದರೆ ಏನಾಗುವುದೆಂದು ನಮಗೆ ಗೊತ್ತು. ಇಲ್ಲಿ ಹೋಗುವುದು ಅಡಿಕೆಯ ಹಿಂಗಾರವಲ್ಲ, ಪ್ರಾಣ. ಹಿಂದೆ ಮುಂಬಯಿ ಗಿರಣಿಗಳಿಗೆ ಹೋಗುವ ತಾಯಂದಿರು ಕೂಸು ಅಳದಿರಲೆಂದು ಬಾಲಗೋಲಿ ಎಂಬ ಅಫೀಮಿನ ಗುಳಿಗೆ ಕೊಡುತ್ತಿದ್ದರು. ಮಲಗಿದ ಕೂಸು ಏಳದೆ ಹೋಗುವ ಅಪಾಯ ಅದರಲ್ಲಿತ್ತು. ಪ್ರಮಾಣ ಮೀರಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಉಸಿರು ನಿಧಾನವಾಗಿ ತುಟಿ ನೀಲಿಗಟ್ಟುತ್ತದೆ. ಕೂಡಲೇ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಕರೆಮಾಡಬೇಕು. ನಲೋಕ್ಸೋನ್ ಎಂಬ ಪ್ರತಿಮದ್ದು ಇದೆ. ಚಟವಾಗಿ ಸೇವಿಸುವವನಿಗೆ ದಿನೇ ದಿನೇ ಹೆಚ್ಚು ಬೇಕಾಗಿ, ಬಿಟ್ಟರೆ ಮೈ ನೋವು, ವಾಂತಿ, ಭೇದಿ.

ಹಾಗಾದರೆ ಆ ಅಣ್ಣ ಮಾಡಿದ್ದು ಸರಿಯೇ? ಅಲ್ಲ. ಗುಳಿಗೆಯಲ್ಲಿ ಮಾರ್ಫಿನ್ ಇಷ್ಟೇ ಮಿಲಿಗ್ರಾಂ ಎಂದು ಅಳೆದಿರುತ್ತದೆ. ಸಾಮಾನ್ಯವಾಗಿ ನಾಲ್ಕು ತಾಸಿಗೊಮ್ಮೆ ಕೊಟ್ಟು, ನೋವು ನೋಡಿಕೊಂಡು ವೈದ್ಯರು ಪ್ರಮಾಣ ಬದಲಿಸುತ್ತಾರೆ. ಕ್ಯಾನ್ಸರಿನ ನೋವಿಗೆ ಹೀಗೆ ಕೊಟ್ಟಾಗ ಚಟ ಹಿಡಿಯುವುದು ವಿರಳ. ಮಲಬದ್ಧತೆ ಮಾತ್ರ ಬಹುತೇಕ ಖಚಿತ, ಅದಕ್ಕೂ ಔಷಧಿ ಬರೆಸಿಕೊಳ್ಳಬೇಕು. ಜೊತೆಗೆ ಸಾರಾಯಿ ಕೂಡದು, ಒಮ್ಮೆಲೇ ನಿಲ್ಲಿಸಲೂಬಾರದು. ಮಕ್ಕಳಿಗೆ ಸಿಗದಂತೆ ಬೀಗದಲ್ಲಿಡಬೇಕು. ಉಳಿದದ್ದನ್ನು ಆಸ್ಪತ್ರೆಗೆ ಮರಳಿಸಬೇಕು. ಮಾರ್ಫಿನ್ ದೊರೆಯುವುದು ಸುಲಭವಾಗಲೆಂದು 2014ರಲ್ಲಿ ಕಾಯ್ದೆಯನ್ನೇ ತಿದ್ದಲಾಯಿತು. ಆದರೂ ಊರಿನ ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗದು. ಮಾನ್ಯತೆ ಪಡೆದ ಆಸ್ಪತ್ರೆಯನ್ನೇ ಕೇಳಬೇಕು.

ಇನ್ನೊಂದು ಮಾತನ್ನು ಅಡಿಕೆ ಬೆಳೆಗಾರರಾದ ನಾವೇ ಆಡದಿದ್ದರೆ ತಪ್ಪಾದೀತು. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿತು; ತಂಬಾಕು ಸೇರಿದರೆ ಇನ್ನೂ ಕೆಟ್ಟದ್ದು. ಆ ಮುದುಕನು ಮಗ್ಗದ ಮುಂದೆ ಕುಳಿತು ಮೂವತ್ತು ವರ್ಷ ಅಗಿದದ್ದು ಎಲ್ಲಿಯ ಅಡಿಕೆಯೆಂದು ನಾವು ಕೇಳಲಿಲ್ಲ.

ಆಕೆ ಅಂದು ರಾತ್ರಿಯೇ ಅಣ್ಣನಿಗೆ ಫೋನು ಮಾಡಿದಳು. ಚೀಟಿ ಮತ್ತೆ ಬರೆಸಿದರು. ಹದಿನೈದು ದಿನದ ಮೇಲೆ ಕೂಲಿ ಬಟವಾಡೆಯ ಹೊತ್ತಿನಲ್ಲಿ, "ಅಪ್ಪ ಗಂಜಿ ಕುಡದು ಮಲಗ್ಯಾನಂತ್ರಿ," ಎಂದಳು.