‘ಅನ್ನು’ ಬಲ್ಲವರಿಗೆ ಸೇ, ಟೆಲ್ ಕಷ್ಟವಲ್ಲ

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಬೆಂಗಳೂರಿನ ಒಂದು ಆಸ್ಪತ್ರೆಯ ರಿಸೆಪ್ಷನ್‌ನಲ್ಲಿದ್ದೇನೆ. ಗ್ರೂಪಿನಲ್ಲಿ ‘ಡಾಕ್ಟರ್ ಟೋಲ್ಡ್ ದಟ್ ಹಿ ವಿಲ್ ಬಿ ಲೇಟ್’ ಎಂದು ಮೆಸೇಜ್ ಹಾಕಿದ್ದಕ್ಕೆ ಜೊತೆಯವರು ಆಡಿಕೊಂಡು ನಕ್ಕರು. ಸೇ, ಟೆಲ್ ಎರಡಕ್ಕೂ ‘ಹೇಳು’ ಅಂತಲೇ ಅರ್ಥವಲ್ಲವೇ? ಈಗ ಇಂಗ್ಲಿಷಿನಲ್ಲಿ ಒಂದು ಸಾಲು ಬರೆಯಲೂ ಅಳುಕು.
– ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಕ್ಕವರ ಮಾತು ಬಿಡಿ ತಂಗಿ. ‘ತಡ ಆಗುತ್ತೆ ಅಂತ ಹೇಳಿದರು’ ಎಂಬ ಅಚ್ಚುಕಟ್ಟಾದ ಕನ್ನಡ ವಾಕ್ಯವನ್ನು ನೀವು ಹಾಗೆಯೇ ಇಂಗ್ಲಿಷಿಗೆ ಇಳಿಸಿದ್ದೀರಿ. ತೊಡಕು ಅಲ್ಲಿದೆ. ಟೆಲ್‌ಗೆ ಕೇಳುವವರು ಪಕ್ಕದಲ್ಲೇ ಇರಬೇಕು: ‘ಟೋಲ್ಡ್ ಮಿ’, ‘ಟೋಲ್ಡ್ ದ ನರ್ಸ್’. ‘ನನಗೆ’ ಎಂಬುದರ ‘ಗೆ’ ನೆನಪಾಗಿ ‘ಟೋಲ್ಡ್ ಟು ಮಿ’ ಅಂದುಬಿಡಬೇಡಿ. ಸೇಗೆ ಆಡಿದ ಮಾತು ಮುಖ್ಯ. ಕೇಳಿದವರನ್ನೂ ತರಬೇಕಾದರೆ ಅಲ್ಲಿ ‘ಟು’ ಬೇಕು: ‘ಸೆಡ್ ಟು ಮಿ’.

ಇದನ್ನು ಉರುಹೊಡೆಯಬೇಕಿಲ್ಲ. ನಮ್ಮಲ್ಲಿ ‘ಹೇಳು’ ಒಂದೇ ಅಲ್ಲ, ‘ಅನ್ನು’ ಕೂಡ ಇದೆ. ಅನುಮಾನ ಬಂದಾಗ ‘ಅನ್ನು’ ಹಾಕಿ ನೋಡಿ. ‘ತಡ ಆಗುತ್ತೆ ಅಂದರು’ ಒಪ್ಪುತ್ತದೆ, ಆದ್ದರಿಂದ ಸೆಡ್. ‘ಸಾರಿ ಅನ್ನು’ ಒಪ್ಪುತ್ತದೆ, ಅದು ಸೇ ಸಾರಿ. ಬೋರ್ಡಿನಲ್ಲಿ ‘ನೋ ಪಾರ್ಕಿಂಗ್ ಅಂತಿದೆ’ ಎಂದರೆ ಅಲ್ಲೂ ಸೇ. ಆದರೆ ‘ಕತೆ ಅನ್ನು’, ‘ಸುಳ್ಳು ಅನ್ನು’, ‘ಟೈಮ್ ಅನ್ನು’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಕೇಳುವವರ ಹೆಸರಿಲ್ಲದಿದ್ದರೂ ಈ ಮೂರಕ್ಕೆ ಟೆಲ್. ‘ಕಾಯೋಕೆ ಹೇಳಿ’ ಎಂಬ ಸೂಚನೆಯೂ ಅಷ್ಟೇ: ‘ಟೆಲ್ ಹಿಮ್ ಟು ವೇಟ್’. ಈ ಉಪಾಯ ಅಲ್ಲಲ್ಲಿ ಕೈಕೊಡುತ್ತದೆ. ಪ್ರಾರ್ಥನೆಯನ್ನು ನಾವು ‘ಹೇಳುತ್ತೇವೆ’, ಇಂಗ್ಲಿಷಿನವರು ‘ಸೇ’ ಮಾಡುತ್ತಾರೆ. ಆದರೂ ನಿಮ್ಮ ಕೌಂಟರಿನ ಕೆಲಸಕ್ಕೆ ಇಷ್ಟು ಸಾಕು.

ಎರಡು ಕ್ರಿಯಾಪದ ಯಾಕೆ ಅನ್ನಿಸಬಹುದು. ಟೆಲ್‌ಗೆ ಹಿಂದೆ ‘ಎಣಿಸು’ ಎಂಬ ಅರ್ಥವೂ ಇತ್ತು. ಬ್ಯಾಂಕಿನಲ್ಲಿ ದುಡ್ಡು ಎಣಿಸುವವರಿಗೆ ಟೆಲ್ಲರ್ ಎಂಬ ಹೆಸರು ಬಂದದ್ದು ಅದರಿಂದಲೇ. ಎಟಿಎಂನ ನಡುವಿನ ‘ಟಿ’ ಆ ಟೆಲ್ಲರ್. ವಿಷಯವನ್ನು ಒಂದೊಂದಾಗಿ ಇನ್ನೊಬ್ಬರಿಗೆ ಒಪ್ಪಿಸುವ ಕೆಲಸ ಟೆಲ್‌ದು, ಬಾಯಿಂದ ಬಂದ ಮಾತನ್ನು ಹಿಡಿದಿಡುವುದು ಸೇಯದು.

ಇನ್ನು ಮುಂದೆ ‘ಟೋಲ್ಡ್ ದಟ್’ ಎಂದು ಬೆರಳು ಒತ್ತಿದರೆ ‘ಯಾರಿಗೆ?’ ಎಂದು ಒಮ್ಮೆ ಕೇಳಿಕೊಳ್ಳಿ. ಉತ್ತರ ಬೇಕೆನಿಸಿದರೆ ನಡುವೆ ಆ ಹೆಸರು ಸೇರಿಸಿ, ಬೇಡವಾದರೆ ಟೋಲ್ಡ್ ಅಳಿಸಿ ಸೆಡ್ ಹಾಕಿ. ಮೆಸೇಜ್ ಕಳಿಸುವುದನ್ನು ಮಾತ್ರ ನಿಲ್ಲಿಸಬೇಡಿ. ಡಾಕ್ಟರಿಗೆ ತಡವಾಗುತ್ತದೆಂಬ ಸುದ್ದಿ ಕಾಯುತ್ತಿದ್ದವರಿಗೆ ಮುಟ್ಟಿದ್ದು ನಿಮ್ಮಿಂದಲೇ ಅಲ್ಲವೇ?