ಪಾದರಕ್ಷೆಗಳನ್ನು ಬಹುಕಾಲ ಕಾಪಾಡುವ ಬಗೆ

ಮಳೆಗಾಲ ಬಂತೆಂದರೆ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಚರ್ಮದ ಬೂಟ್ಸುಗಳು ಮೂಲೆ ಸೇರುವುದುಂಟು. ಕೆಲವು ತಿಂಗಳ ಅನಂತರ ಹೊರತೆಗೆದರೆ ಅವುಗಳ ಮೇಲೆಲ್ಲ ಬೂಷ್ಟು ಹಬ್ಬಿರುತ್ತದೆ. ತೊಟ್ಟು ನಡೆದರೆ ಸವೆಯುವುದು ಸಹಜ. ತೊಡದೆ ಇಟ್ಟುದು ಕೆಡುವುದೇಕೆ? ಇದಕ್ಕೆ ಮುಖ್ಯ ಕಾರಣ ಕಣ್ಣಿಗೆ ಕಾಣದ ನೀರಾವಿ.

ಚರ್ಮವೆಂಬುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ತಂಗಡಿಯ ತೊಗಟೆಯಲ್ಲಿರುವ ಟ್ಯಾನಿನ್ನಿನಿಂದಲೋ ಕ್ರೋಮಿಯಂ ಲವಣಗಳಿಂದಲೋ ತೊಗಲನ್ನು ಹದಮಾಡಿದಾಗ ಈ ಎಳೆಗಳು ಭದ್ರವಾಗಿ ಬಂಧಿತವಾಗಿ, ಸುಲಭವಾಗಿ ಕೊಳೆಯದಂತಾಗುತ್ತವೆ. ಹದಮಾಡಿದ ಚರ್ಮವೂ ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುತ್ತದೆ. ತೇವ ತೀರ ಕಡಮೆಯಾದರೆ ಚರ್ಮ ಗಡುಸಾಗಿ ಬಿರುಕು ಬಿಡುವುದು. ಸಾಪೇಕ್ಷ ಆರ್ದ್ರತೆ ಶೇಕಡ 65-70ನ್ನು ಮೀರಿ ಬಹುದಿನ ನಿಂತರೆ ಬೂಷ್ಟು ಬೆಳೆಯುವುದು. ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ ಸದಾ ಇದ್ದೇ ಇರುತ್ತವೆ. ಬೆವರು, ಧೂಳು, ಚರ್ಮಕ್ಕೆ ಊಡಿದ ಎಣ್ಣೆ ಇವು ಅವಕ್ಕೆ ಆಹಾರ.

ಬೂಟ್ಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಕ್ಷೇಮವೆಂದು ಹಲವರ ನಂಬಿಕೆ. ಲೆಕ್ಕ ಹಾಕಿ ನೋಡೋಣ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲದು. ಹಾಗಾದರೆ ಚೀಲದೊಳಗಿನ 5 ಲೀಟರು ಗಾಳಿಗೆ 0.15 ಗ್ರಾಂ ಸಾಕು. ಬೂಟ್ಸಿನಲ್ಲಿ 10 ಗ್ರಾಂ ನೀರು ಉಳಿದಿದೆಯೆಂದು ಇಟ್ಟುಕೊಂಡರೆ, ಅದರ ಅತ್ಯಲ್ಪ ಭಾಗವೇ ಚೀಲದ ಗಾಳಿಯನ್ನೆಲ್ಲ ತೇವಗೊಳಿಸುವುದು, ಮಿಕ್ಕುದಕ್ಕೆ ಹೊರದಾರಿಯಿಲ್ಲ. ಹೀಗೆ ಚೀಲವೇ ಬೂಷ್ಟಿನ ತೋಟವಾಗುತ್ತದೆ.

ಆದುದರಿಂದ ಮೊದಲ ಕೆಲಸ ಶುಚಿಮಾಡುವುದು. ಲೇಸನ್ನು ಬಿಚ್ಚಿ, ಧೂಳನ್ನು ಬ್ರಷ್ಷಿನಿಂದ ಕೊಡವಿ, ಹಿಂಡಿದ ಒದ್ದೆಬಟ್ಟೆಯಿಂದ ಒರಸಬೇಕು. ಒಳಗೆ ಅಚ್ಚಿಲ್ಲದ ಬಿಳಿಯ ಕಾಗದವನ್ನು ತುಂಬಿದರೆ ಅದು ತೇವವನ್ನು ಹೀರುವುದಲ್ಲದೆ ಆಕಾರವನ್ನೂ ಕಾಯುತ್ತದೆ. ಕಾಗದ ಒದ್ದೆಯಾದಾಗ ಬದಲಿಸಬೇಕು. ಗಾಳಿಯಾಡುವ ನೆರಳಿನಲ್ಲಿ ಒಣಗಿಸತಕ್ಕದ್ದು; ಒಲೆಯ ಬಳಿ ಇಡಲಾಗದು, ಏಕೆಂದರೆ ಒದ್ದೆಯ ಚರ್ಮ ಹೆಚ್ಚು ಶಾಖಕ್ಕೆ ಸಿಕ್ಕಿದರೆ ಕುಗ್ಗಿ ಗಡುಸಾಗುತ್ತದೆ. ಒಣಗಿತೆಂದು ತಿಳಿಯುವುದು ಹೇಗೆ? ಕಾಗದವನ್ನು ತೆಗೆದು ಪ್ರತಿದಿನ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳೋಣ. ಬಿಸಿಲಿನ ದಿನಗಳಲ್ಲಿ ತೂಕ ಎರಡು ದಿನ ಒಂದೇ ಆಗಿ ನಿಂತರೆ ಬೇಕಾದಷ್ಟು ಒಣಗಿದೆಯೆಂದರ್ಥ. ಮಳೆ ಹಿಡಿಯುವ ಮುನ್ನವೇ ಈ ಕೆಲಸ ಮುಗಿಯಬೇಕು.

ಅನಂತರ ಪಾಲಿಷನ್ನು ತೆಳುವಾಗಿ ಸವರಿ, ಹೆಚ್ಚಾದುದನ್ನು ಒರಸಿ ತೆಗೆಯೋಣ. ಒಣ ಕಾಗದವನ್ನು ತುಂಬಿ, ಬಟ್ಟೆಯ ಚೀಲದಲ್ಲಿಟ್ಟು, ನೆಲಕ್ಕೂ ಒದ್ದೆಗೋಡೆಗೂ ತಾಗದಂತೆ ಎತ್ತರದಲ್ಲಿಡಬೇಕು. ಮಳೆ ಬಿಡುವು ಕೊಟ್ಟ ದಿನ ಹೊರತೆಗೆದು ಗಾಳಿಗಿಡುವುದು ಒಳ್ಳೆಯದು.

ಆಟದ ಮತ್ತು ಬೆಟ್ಟ ಹತ್ತುವ ಅನೇಕ ಬೂಟ್ಸುಗಳದು ಬೇರೊಂದು ಕಥೆ. ಅವುಗಳ ಅಟ್ಟೆಯಲ್ಲಿ ಪಾಲಿಯುರಿಥೇನ್ ಇರುತ್ತದೆ. ಅದರ ಒಂದು ಬಗೆಯಲ್ಲಿ ಉದ್ದನೆಯ ಅಣುಸರಪಳಿಗಳನ್ನು ಎಸ್ಟರ್ ಬಂಧಗಳು ಕೂಡಿಸಿರುತ್ತವೆ. ಗಾಳಿಯ ತೇವ ಈ ಬಂಧಗಳನ್ನು ಮೆಲ್ಲಮೆಲ್ಲನೆ ಕತ್ತರಿಸುತ್ತದೆ. ಇದಕ್ಕೆ ಜಲವಿಶ್ಲೇಷಣೆಯೆಂದು ಹೆಸರು. ಈ ಕ್ರಿಯೆಯಲ್ಲಿ ಹುಟ್ಟುವ ಆಮ್ಲ ಅದನ್ನು ಇನ್ನಷ್ಟು ಚುರುಕುಗೊಳಿಸುವುದು. ಕೆಲವು ವರ್ಷಗಳಲ್ಲಿ, ಒಮ್ಮೆಯೂ ತೊಡದ ಬೂಟ್ಸಿನ ಅಟ್ಟೆಯೂ ಪುಡಿಯಾಗಿ ಉದುರಬಹುದು. ತಂಪೂ ಒಣಹವೆಯೂ ಇದನ್ನು ನಿಧಾನಗೊಳಿಸಬಲ್ಲವೇ ಹೊರತು ನಿಲ್ಲಿಸಲಾರವು. ಯಾವ ಪಾಲಿಷಿನಿಂದಲೂ ಪ್ರಯೋಜನವಿಲ್ಲ. ಇಂತಹವನ್ನು ಕೂಡಿಡುವುದಕ್ಕಿಂತ ಬಳಸುವುದೇ ಮೇಲು. ಬಹುಕಾಲ ಇಟ್ಟುದನ್ನು ತೊಟ್ಟು ಬೆಟ್ಟಕ್ಕೆ ಹೊರಡುವ ಮುನ್ನ ಅಟ್ಟೆಯನ್ನು ಬಾಗಿಸಿ, ಹೆಬ್ಬೆರಳಿನಿಂದ ಒತ್ತಿ ನೋಡತಕ್ಕದ್ದು. ಬಿರುಕು ಕಂಡರೂ ಪುಡಿ ಉದುರಿದರೂ ಅದನ್ನು ಮನೆಯಲ್ಲೇ ಬಿಡಬೇಕು. ನಡುದಾರಿಯಲ್ಲಿ ಅಟ್ಟೆ ಕಳಚಿದರೆ ಅಪಾಯ ಬೂಟ್ಸಿಗಲ್ಲ, ತೊಟ್ಟವರಿಗೆ.